ಅಮಾತೆಪ್ಪನಿಗೆಂದು ತಂದ ಬಾಟಲಿ

ಗೋಗಿ, ತಾ. ಶಹಾಪುರ
19 ಮೇ 2024

ಪ್ರೀತಿಯ ತಮ್ಮ ಮಲ್ಲುವಿಗೆ,

ನಿನ್ನ ಅಕ್ಕ ಗುರುಲಿಂಗಮ್ಮ ಮಾಡುವ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಕೈ ಬರಲಿಲ್ಲ, ಅದಕ್ಕೇ ಆ ಸಾಲು ಬಿಟ್ಟಿದ್ದೇನೆ. ನೀನಾದರೂ ಚೆನ್ನಾಗಿರು. ಕಾಗದ ತಡವಾಯಿತು, ಸಿಟ್ಟಾಗಬೇಡ. ಎರಡು ಸಲ ಬರೆದು ಹರಿದೆ. ಏಳನೇ ಇಯತ್ತೆ ಕಲಿತವಳ ಅಕ್ಷರ, ಕೋಳಿ ಕೆದರಿದ ಹಾಗಿದೆ, ನಗಬೇಡ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ಈ ಒಂದು ಕೋಣೆಯ ಮನೆಯಲ್ಲಿ ನಿಮ್ಮ ಮಾವನ ಕಿವಿ ತಪ್ಪಿಸಿ ಮಾತಾಡುವುದು ಎಲ್ಲಿ? ನಿನ್ನ ಗೆಳೆಯ ಅಮಾತೆಪ್ಪ ನಾಳೆ ನೀನಿರುವ ಗೋವಾಕ್ಕೆ ಹೊರಡುತ್ತಾನಂತೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಅವನು ನಿನ್ನೆ ಸುರಪುರದಿಂದ ಬಂದು ನೀನು ಹೇಳಿ ಕಳಿಸಿದ್ದನ್ನು ಹೇಳಿದ. "ಮಾವನ್ನ ನಾನಾ ಕೊಂದೀನಿ, ಇನ್ನ ಅಕ್ಕಗ ಮಾರಿ ತೋರ್ಸಂಗಿಲ್ಲ ಅಂತಾನ್ರಿ ಅಕ್ಕಾರ" ಎಂದ. ಹುಚ್ಚಪ್ಪಾ, ಮಾವ ಇನ್ನೂ ಸತ್ತಿಲ್ಲ. ಆದರೆ ಹೀಗೇ ಬಿಟ್ಟರೆ ಉಳಿಯುವುದಿಲ್ಲ. ಅದನ್ನು ಹೇಳಲೆಂದೇ ಕುಳಿತಿದ್ದೇನೆ.

ಆ ದಿನ ಏನಾಯಿತೆಂದು ನೀನು ಪೂರ್ತಿ ಕೇಳಿಲ್ಲ, ಅರ್ಧಕ್ಕೇ ಚೀರಿ ಫೋನಿಟ್ಟೆ. ಯುಗಾದಿಗೆ ಬಂದಾಗ ನೀನು ಎರಡು ಬಾಟಲಿ ತಂದಿದ್ದೆ. ಒಂದು ನಮಗೆ ಕೋಕಂ ಸರಬತ್ತು, ಇನ್ನೊಂದು ಅಮಾತೆಪ್ಪನಿಗೆ. ಬಸ್ಸು ತಪ್ಪೀತೆಂದು ಓಡುವ ಗಡಿಬಿಡಿಯಲ್ಲಿ ಅವನದನ್ನೂ ಇಲ್ಲೇ ಬಿಟ್ಟುಹೋದೆ. ಆಮೇಲೆ ನೆನಪಾದರೂ, ಅದರಲ್ಲಿ ಇರುವುದೇನೆಂದು ಅಕ್ಕನಿಗೆ ಹೇಳಲು ನಾಚಿ ಸುಮ್ಮನಾದೆಯಂತೆ. ಎರಡರ ಮೇಲೂ ಇಂಗ್ಲಿಷ್, ಎರಡರ ಮೇಲೂ ಕೆಂಪು ಹಣ್ಣಿನ ಚಿತ್ರ. ಕೋಕಂ ಬಾಟಲಿ ಎಂದೋ ಮುಗಿದಿತ್ತು, ಉಳಿದದ್ದೂ ಕೋಕಂ ಎಂದೇ ತಿಳಿದಿದ್ದೆ. ಹದಿನಾರು ದಿನದ ಹಿಂದೆ ಮಧ್ಯಾಹ್ನ ನಿಮ್ಮ ಮಾವ ಕುರಿಗಳನ್ನು ಬೇವಿನ ನೆರಳಿಗೆ ಬಿಟ್ಟು ಬಂದರು. "ಗಂಟಲ ಒಣಗೈತಿ, ಹುಳಿದೇನರ ಇದ್ರ ಕೊಡು" ಎಂದರು.

ಮುಚ್ಚಳವನ್ನು ಒರಳಿನ ಅಂಚಿಗೆ ಬಡಿದು ತೆಗೆದೆ. ಮೊದಲು ನಾನೇ ಒಂದು ಗುಟುಕು ನೋಡಿದೆ. ಹುಣಸೆ ಚಿಗುರು ಜಗಿದ ಹಾಗೆ ದವಡೆ ಜುಮ್ಮೆಂದಿತು. ಅದರ ಹಿಂದೆ ಯಾವುದೋ ಹಣ್ಣು, ನಮ್ಮ ಕಡೆಯದಲ್ಲ. ಕೊನೆಗೆ ಹಳೆಯ ಕಟ್ಟಿಗೆ ಪೆಟ್ಟಿಗೆ ತೆರೆದ ವಾಸನೆ. ಕೋಕಂ ಹಳತಾಗಿದೆ ಎಂದುಕೊಂಡು ಲೋಟಕ್ಕೆ ಬಗ್ಗಿಸಿ ಕೊಟ್ಟೆ. ಅವರು ಒಂದು ಗುಟುಕು ಬಾಯಲ್ಲಿ ಹಿಡಿದುಕೊಂಡೇ ಕುಳಿತರು. ನುಂಗಲೂ ಇಲ್ಲ, ಉಗುಳಲೂ ಇಲ್ಲ. ನನ್ನ ಮುಖ ನೋಡಿದರು. ಆಮೇಲೆ ನುಂಗಿದರು. ನಾನು ಮರಿಗಳಿಗೆ ಸೊಪ್ಪು ಹಾಕಲು ಹಿತ್ತಲಿಗೆ ಹೋದೆ. ಬರುವಷ್ಟರಲ್ಲಿ ಬಾಟಲಿ ಖಾಲಿಯಾಗಿತ್ತು.

"ಅದು ಬೀರು ಅಕ್ಕಾ, ಕಟ್ಟಿಗಿ ಪೀಪಾಯಿಯೊಳಗ ಹುಳಿ ಚೆರ್ರಿ ಹಾಕಿ ಒಂದೂವರಿ ವರ್ಷ ಇಟ್ಟಿದ್ದು" ಎಂದು ನೀನು ಫೋನಿನಲ್ಲಿ ಅತ್ತೆ. ಚೆರ್ರಿ ಎಂದರೆ ನಮಗೆ ಶಹಾಪುರದ ಬೇಕರಿಯ ಕೇಕಿನ ಮೇಲಿರುವ ಸಕ್ಕರೆ ಗುಂಡು. ಅದರಿಂದ ಇಂಥದ್ದನ್ನೂ ಮಾಡುತ್ತಾರೆಂದು ಯಾರು ಕಂಡಿದ್ದರು? ನೀನು ಆ ಪೀಪಾಯಿಗಳನ್ನು ತೊಳೆದು ಹೊಟ್ಟೆ ಹೊರೆಯುವವನು. ಗೆಳೆಯನಿಗೂ ಒಂದಿಷ್ಟು ರುಚಿ ತೋರಿಸೋಣವೆಂದು ತಂದೆ. ಅದರಲ್ಲಿ ಏನು ತಪ್ಪಿದೆ?

ಮಗಳು ತೀರಿಹೋದ ಮೇಲೆ ಹತ್ತಿದ ಕುಡಿತವನ್ನು ನಿಮ್ಮ ಮಾವ ತಿಂಥಣಿಯಲ್ಲಿ ಬಿಟ್ಟಿದ್ದರು. ಹೊಳೆಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲೇ ಮೋನಪ್ಪಯ್ಯನ ಗುಡಿಯ ಹೊಸ್ತಿಲ ಮೇಲೆ ಕೈಯಿಟ್ಟು ಮಾತು ಕೊಟ್ಟಾಗ ನೀನೇ ಅವರ ರಟ್ಟೆ ಹಿಡಿದಿದ್ದೆ. "ಲಿವರ್ ಅರ್ಧ ಹೋಗ್ಯಾದ. ಇನ್ನ ಕುಡದ್ರ ನಮ್ಮ ಕಡಿ ತರಬ್ಯಾಡ್ರಿ" ಎಂದು ಯಾದಗಿರಿಯ ಡಾಕ್ಟರು ಆಗಲೇ ಹೇಳಿದ್ದರು. ಈಗ ದಿನಾ ಬೆಳಿಗ್ಗೆ ಎದ್ದು ಕುಡಿಯಲೆಂದು ಶಹಾಪುರದ ಆಟೋ ಹತ್ತುತ್ತಾರೆ, ಸಂಜೆಗೆ ಯಾರಾದರೂ ತಂದು ಬಿಡುತ್ತಾರೆ. ಕಣ್ಣು ಅರಿಸಿನ ಬಳಿದ ಹಾಗಾಗಿದೆ. ಕಾಲು ಬಾತಿವೆ, ಒತ್ತಿದರೆ ಕುಳಿ ಬೀಳುತ್ತದೆ. ಮತ್ತೆ ತಿಂಥಣಿಗೆ ಹೋಗೋಣ, ತಪ್ಪಾಯಿತೆಂದು ಬೀಳೋಣ ಎಂದು ಅವರ ಕಾಲು ಹಿಡಿದೆ. "ಮಾತು ಒಮ್ಮಿ ಕೊಡ್ತಾರ. ಎಂಜಲಾದ ಮಾತು ದೇವರಿಗಿ ಹೆಂಗ ಕೊಡ್ಲಿ?" ಎಂದರು. ತಿಳಿಯದೆ ಮುರಿದರೂ ಮುರಿದದ್ದೇ, ಇನ್ನು ಉಳಿಸಿಕೊಳ್ಳಲು ಏನಿದೆ ಎಂಬುದು ಅವರ ವಾದ. ಕುರಿ ಕಾಯುವವರ ಹಟ ನಿನಗೆ ಗೊತ್ತಿದ್ದದ್ದೇ.

ಪಕ್ಕದ ಮನೆಯ ಖಾಸಿಂಬೀ ನನ್ನ ಪರವಾಗಿ ನಿಮ್ಮ ಮಾವನ ಜೊತೆ ಜಗಳಕ್ಕೇ ನಿಂತಳು. "ತಿಳೀಲಾರ್ದ ಆಗಿದ್ದು ಗುನ್ಹಾ ಅಲ್ಲ ಮಾನಪ್ಪಣ್ಣ. ಪಾಪ, ಆಕಿಗಿ ಇಂಗ್ಲಿಷ್ ಓದಾಕ ಬರ್ತದೇನು?" ಎಂದಳು. ನಿಮ್ಮ ಮಾವ ತಲೆ ಎತ್ತಲಿಲ್ಲ. "ಆಕಿದೇನೂ ತಪ್ಪಿಲ್ಲ ಬಿಡವ್ವ. ಆಕಿಗಿ ಯಾರೂ ಏನೂ ಅನಬ್ಯಾಡ್ರಿ" ಎಂದಷ್ಟೇ ಹೇಳಿದರು. ಊರೆಲ್ಲ ನನ್ನನ್ನು ಪಾಪ ಎನ್ನುತ್ತದೆ. ಆ ಮಾತು ಕೇಳಿದಾಗಲೆಲ್ಲ ಎದ್ದು ಒಳಗೆ ಹೋಗಿಬಿಡುತ್ತೇನೆ.

ನೀನು ಬಾ ಮಲ್ಲು. ರಜೆ ಕೊಡದಿದ್ದರೆ ಆ ಕೆಲಸವನ್ನೇ ಬಿಟ್ಟು ಬಾ. ಅವರನ್ನು ಕಲಬುರಗಿಯ ದವಾಖಾನೆಗೆ ಒಯ್ಯಬೇಕು. ಅವರು ಯಾರ ಮಾತಿಗಾದರೂ ಎದ್ದರೆ ನಿನ್ನ ಮಾತಿಗೇ. ನನ್ನ ಒಬ್ಬಳ ಕೈಯಲ್ಲಿ ಆಗುವುದಿಲ್ಲ. ನನಗೆ ಹೆದರಿಕೆಯಾಗಿದೆ. ರಾತ್ರಿ ಅವರ ಉಸಿರು ಒಂದು ಗಳಿಗೆ ನಿಂತರೆ ನನ್ನದೂ ನಿಲ್ಲುತ್ತದೆ. ಅವರಿಲ್ಲದ ಮನೆಯಲ್ಲಿ ನಾನು ಇರಲಾರೆ.

ಹೊತ್ತಿಗೆ ಸರಿಯಾಗಿ ಉಣ್ಣು. ಮೋನಪ್ಪಯ್ಯ ನಿನ್ನ ಕೈಕಾಲು ಗಟ್ಟಿಯಾಗಿ ಇಡಲಿ, ನೂರು ವರ್ಷ ಬಾಳು.

ಇತಿ ನಿನ್ನ ಅಕ್ಕ,
ಗುರುಲಿಂಗಮ್ಮ

ತಾ.ಕ.: ಮಡಿಚಿಟ್ಟ ಕಾಗದವನ್ನು ಮತ್ತೆ ಬಿಚ್ಚಿದೆ. ಈ ಪಾಪವನ್ನು ನಿನ್ನ ತಲೆಯ ಮೇಲೆ ಬಿಟ್ಟು ಆಶೀರ್ವಾದ ಬರೆದರೆ ಅದು ನಿನಗೆ ತಟ್ಟುವುದಿಲ್ಲ. ನನಗೆ ಗೊತ್ತಿತ್ತು ಮಲ್ಲು. ಇಂಗ್ಲಿಷ್ ಬರದಿದ್ದರೇನು, ಎಂಟು ವರ್ಷ ಆ ವಾಸನೆಯ ಮಗ್ಗುಲಲ್ಲಿ ಮಲಗಿದವಳು ನಾನು. ಮುಚ್ಚಳ ತೆಗೆದ ಕೂಡಲೇ ನೊರೆ ಉಕ್ಕಿತು. ಎಷ್ಟೇ ಹುಳಿಯಿದ್ದರೂ, ನಾಲಿಗೆಗೆ ತಾಗಿದ ಕೂಡಲೇ ತಿಳಿಯಿತು. ತಿಳಿದೇ ಕೊಟ್ಟೆ.

ಅಂದು ನಮ್ಮ ನಂದಿನಿ ಹುಟ್ಟಿದ ದಿನ. ಕುಡಿದಾಗ ಅವರು "ನಂದೂ, ಎಲ್ಲಿದ್ದಿ ನನ್ನವ್ವ" ಎಂದು ಕರೆದು ಅಳುತ್ತಿದ್ದರು, ನಾನೂ ಜೊತೆಗೆ ಅಳುತ್ತಿದ್ದೆ. ಕುಡಿತ ಬಿಟ್ಟ ದಿನ ಆ ಹೆಸರನ್ನೂ ಬಿಟ್ಟರು. ಎರಡು ವರ್ಷದಲ್ಲಿ ಒಂದು ಸಲವೂ ಅನ್ನಲಿಲ್ಲ. ನಾನು ಎತ್ತಿದರೆ ಎದ್ದು ಕುರಿಗಳ ಹತ್ತಿರ ಹೋಗಿಬಿಡುತ್ತಿದ್ದರು. ಹೆತ್ತವಳು ಮಗಳ ಹೆಸರನ್ನು ಎಷ್ಟು ದಿನ ಒಬ್ಬಳೇ ಹೇಳಿಕೊಳ್ಳಲಿ? ಒಂದೇ ಲೋಟ, ಒಂದೇ ಸಲ ಅವರ ಬಾಯಿಂದ ಕೇಳಬೇಕೆನಿಸಿತು.

ಹಿತ್ತಲಿಗೆ ಹೋದೆ ಎಂದು ಬರೆದದ್ದು ಸುಳ್ಳು. ಎದುರಿಗೇ ಕುಳಿತಿದ್ದೆ. ಅವರು ಲೋಟ ಮುಗಿಸಿ ಮೀಸೆ ಒರೆಸಿಕೊಂಡರು. ಈಗ ಅಂದಾರು, ಈಗ ಅಂದಾರು ಎಂದು ಕಾದೆ.

"ಇನ್ನಾ ಐತೇನು?" ಎಂದರು.

ಇತ್ತು. ಬಗ್ಗಿಸಿದೆ.