ಬೋರಣ್ಣನ ಕೈಲಿ ಕಳಿಸಿದ ಪ್ಲೇಟುಗಳು

ಮೊಳಕಾಲ್ಮೂರು,
ತಾ. ೯-೨-೧೯೩೯, ಗುರುವಾರ

ಚಳ್ಳಕೆರೆಯಲ್ಲಿ ಟಾಕಿ ಟೆಂಟಿನವರ ಜೊತೆ ಇರುವ ನನ್ನ ಯಜಮಾನರ ಪಾದಗಳಿಗೆ ಓಬಳಮ್ಮ ಮಾಡುವ ನಮಸ್ಕಾರಗಳು.

ಮೊದಲು ನಿಮ್ಮ ಮೈ ಹೇಗಿದೆ, ಅದನ್ನು ಕೇಳಿಬಿಡುತ್ತೇನೆ. ಟೆಂಟಿನ ಧೂಳಿಗೆ ಕೆಮ್ಮು ಮತ್ತೆ ಹೆಚ್ಚಿದೆಯಂತೆ, ಊಟವೆಲ್ಲ ಹೋಟೆಲಿನಲ್ಲಂತೆ, ಬೋರಣ್ಣ ಹೇಳಿದ. ಶುಂಠಿ, ಮೆಣಸು ಕುಟ್ಟಿ ಬೆಲ್ಲ ಹಾಕಿ ಉಂಡೆ ಕಟ್ಟಿಕೊಟ್ಟಿದ್ದೇನೆ. ನಿಮ್ಮ ಹಾಡಿನ ಪ್ಲೇಟುಗಳ ಪೆಟ್ಟಿಗೆಯ ಒಳಗೆ ಮೇಲ್ಗಡೆಯೇ ಇದೆ. ಬೇರೆ ಕಡೆ ಇಟ್ಟರೆ ನಿಮ್ಮ ಕಣ್ಣಿಗೆ ಬೀಳುವುದಿಲ್ಲ ಅಂತ ಅಲ್ಲೇ ಇಟ್ಟೆ. ಇಲ್ಲಿ ಮಾವ, ಅತ್ತೆ ಕ್ಷೇಮ. ನಾನೂ ಕ್ಷೇಮ, ನೀವು ಕೇಳದಿದ್ದರೂ ಹೇಳುತ್ತಿದ್ದೇನೆ. ಮನೆಯಲ್ಲಿ ಆಡುವುದು ತೆಲುಗಾದರೂ ನನಗೆ ಬರೆಯಲು ಬರುವುದು ಇಸ್ಕೂಲಿನ ಕನ್ನಡ ಒಂದೇ, ತಪ್ಪಿದ್ದರೆ ತಿದ್ದಿಕೊಂಡು ಓದಿ. ನೀವು ಕಳಿಸಿದ ಬೋರಣ್ಣ ಜಗಲಿಯ ಮೇಲೆ ಕೂತು ಅತ್ತೆ ಕೊಟ್ಟ ಮಜ್ಜಿಗೆ ಕುಡಿಯುತ್ತಿದ್ದಾನೆ. ಸಂಜೆ ಬಸ್ಸು ಬರುವುದರೊಳಗೆ ಇದನ್ನು ಮುಗಿಸಬೇಕು.

ಅವನು ತಂದ ನಿಮ್ಮ ಕಾಗದ ಓದಿದೆ. ಅಬ್ಬಾ, ಎಷ್ಟು ಅಕ್ಕರೆಯಿಂದ ಬರೆದಿದ್ದೀರಿ! ಪ್ಲೇಟುಗಳನ್ನು ಮಲಗಿಸಿದ್ದೀಯಾ, ನಿಲ್ಲಿಸಿದ್ದೀಯಾ ಎಂದು ಕೇಳಿದ್ದೀರಿ. ಒಲೆಯ ಕಾವು ತಾಗಬಾರದು, ಮಧ್ಯಾಹ್ನದ ಬಿಸಿಲು ಬೀಳಬಾರದು, ಒರೆಸಿದರೆ ರೇಷ್ಮೆಯ ಚಿಂದಿಯಲ್ಲೇ ಒರೆಸಬೇಕು. ಕಾಡಿನಲ್ಲಿ ರಾಣಿ ಅಳುವ ಹಾಡಿದೆಯಲ್ಲ, ನಡುವೆ ನವಿಲಿನ ಚೀಟಿ ಅಂಟಿಸಿದ ಆ ಪ್ಲೇಟು, ಅದಕ್ಕೆ ಒಂದು ಗೀರೂ ಬೀಳದ ಹಾಗೆ ಬಟ್ಟೆ ಸುತ್ತಿ ಕಳಿಸು, ಆಟಕ್ಕೆ ಮುಂಚೆ ಜನ ಬಂದು ಕೂರುವಾಗ ಮೊದಲು ಅದನ್ನೇ ಹಾಕುತ್ತೇನೆ ಎಂದಿದ್ದೀರಿ. ಕಂಪನಿಯ ಗ್ರಾಮಾಫೋನು ಕೆಟ್ಟಿದೆ, ನಮ್ಮದನ್ನೂ ಕೊಡು ಎಂದಿದ್ದೀರಿ. ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಮಗಳು ಎಂಬ ಮಾತು ಎಲ್ಲಿಯೂ ಇಲ್ಲ. ಹಲ್ಲು ಬಂತೇ, ಹೊಸ್ತಿಲು ದಾಟಿದಳೇ, ಕಪ್ಪೋ ಕೆಂಪೋ, ಯಾರ ಹಾಗಿದ್ದಾಳೆ, ಏನೂ ಇಲ್ಲ. ಹಿರಿಯೂರಿನಲ್ಲಿ ಟೆಂಟು ಹಾಕಿದ್ದಾಗ ದೂರ ಅಂದಿರಿ, ಒಪ್ಪಿಕೊಂಡೆ. ಚಳ್ಳಕೆರೆ ಏನು ಕಾಶಿಯೇ? ಬೆಳಿಗ್ಗೆ ಬಸ್ಸು ಹತ್ತಿದರೆ ಉಣ್ಣುವ ಹೊತ್ತಿಗೆ ಮನೆಯಲ್ಲಿರಬಹುದು. ಬೋರಣ್ಣನಿಗೆ ಸಿಕ್ಕ ಬಸ್ಸು ನಿಮಗೆ ಮಾತ್ರ ಸಿಗಲಿಲ್ಲ.

ನಿಮ್ಮ ಈ ಹುಚ್ಚು ಹೊಸದೇನಲ್ಲ ಬಿಡಿ. ನಾನು ಈ ಮನೆಗೆ ಬಂದ ವರ್ಷವೇ ನೀವು ಬಳ್ಳಾರಿಗೆ ಸೀರೆ ಕೊಡಲು ಹೋಗಿ ಟಾಕಿ ನೋಡಿಕೊಂಡು ಬಂದಿರಿ. ಆಮೇಲೆ ಹೋದಾಗಲೆಲ್ಲ ಬಗಲಲ್ಲಿ ಒಂದು ಪ್ಲೇಟು. ನನಗೆ ಬಳೆ ತರುತ್ತೇನೆ ಎಂದು ಹೋಗಿ ಪ್ಲೇಟು ತಂದದ್ದೂ ಉಂಟು. "ಇದೂ ದುಂಡಗೇ ಐತಲ್ಲೇ" ಎಂದು ನಕ್ಕಿರಿ, ನಾನೂ ಪೆದ್ದಿಯ ಹಾಗೆ ನಕ್ಕೆ. ಮುಟ್ಟಲು ಹೋದರೆ ಮಾತ್ರ "ಮುಳ್ಳು ಗೀರಿಬಿಡ್ತೈತೆ, ದೂರ ಕೂತು ಕೇಳು" ಎನ್ನುತ್ತಿದ್ದಿರಿ. ರಾಣಿ ಬಾಯಿ ಬಿಡದೆ ಕಾಡಿನಲ್ಲಿ ನಡೆಯುವಾಗ ಹಿಂದೆ ಪಿಟೀಲು, ತಬಲ ಬರುತ್ತವಲ್ಲ, ಅದೇ ಟಾಕಿಯ ಜೀವ, ಅದನ್ನು ಯಾವನೂ ಪ್ಲೇಟಿಗೆ ಹಾಕುವುದಿಲ್ಲ ಎಂದು ನೀವು ಪೇಚಾಡಿಕೊಳ್ಳುತ್ತಿದ್ದದ್ದು ನೆನಪಿದೆ. ಆ ತುಣುಕು ಮರೆಯಬಾರದೆಂದೇ ಒಂದೇ ಟಾಕಿಗೆ ಮತ್ತೆ ಮತ್ತೆ ಹೋಗುತ್ತಿದ್ದಿರಿ, ಬಂದು ಮಗ್ಗದ ಕುಣಿಯಲ್ಲಿ ಕೂತು ಗುನುಗುತ್ತಿದ್ದಿರಿ. ನಾನು ರಾಟೆ ತಿರುಗಿಸುವುದು ಬಿಟ್ಟು ಕೇಳುತ್ತಿದ್ದೆ. ಇವರು ಬೇರೆ ಗಂಡಸರ ಹಾಗಲ್ಲ ಎಂದು ಆಗ ಅನ್ನಿಸಿತ್ತು. ಈಗಲೂ ಹಾಗೇ ಅನ್ನಿಸುತ್ತದೆ, ಬೇರೆ ಗಂಡಸರು ಮನೆಯಲ್ಲಿದ್ದಾರೆ.

ಹಾಡಿನ ತಾಳಕ್ಕೆ ನೇಯ್ಗೆಯ ಹಲಗೆ ಬಡಿದರೆ ರಟ್ಟೆ ನೋಯುವುದಿಲ್ಲ ಎಂದು ಮಗ್ಗದ ಪಕ್ಕದಲ್ಲೇ ಗ್ರಾಮಾಫೋನು ಇಟ್ಟುಕೊಂಡಿರಿ. ಕೀಲಿ ತುಂಬಿದ್ದಾಗ ಹಾಡು ಚುರುಕು, ನಿಮ್ಮ ಬಡಿತವೂ ಚುರುಕು. ಕೀಲಿ ಇಳಿದಾಗ ಹಾಡು ನಿಧಾನವಾಗಿ ಎಳೆಯುತ್ತದೆ. ಅದರ ಜೊತೆ ನಿಮ್ಮ ಕೈಯೂ ಎಳೆಯಿತು. ಹಾಡಿನಲ್ಲಿ ಮುಳುಗಿದ್ದವರಿಗೆ ಅದು ಎಲ್ಲಿ ಗೊತ್ತಾಗಬೇಕು? ರಾಂಪುರದ ಸೀರೆ ಸಾಹುಕಾರರು ಜಂಬುಲಿಂಗಪ್ಪನವರು ತಮ್ಮ ಮಗಳ ಧಾರೆಗೆಂದೇ ಹೇಳಿ ನೇಯಿಸಿದ ಸೀರೆ ಅದು. ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಒತ್ತಾಗಿ ಒಂದು ಪಟ್ಟೆ, ಜಾಳಾಗಿ ಒಂದು ಪಟ್ಟೆ, ಸೆರಗಿನಿಂದ ಕೊನೆಯವರೆಗೂ ಅದೇ ಕಥೆ. "ಏನ್ರೀ ಚಿತ್ತಯ್ಯ, ನಿಮ್ಮ ಮಗ ನಿದ್ದೆಗಣ್ಣಾಗೆ ನೇಯ್ದಾನೇನ್ರೀ?" ಎಂದು ಮಡಿಸಿಟ್ಟು ಹೊರಟೇ ಹೋದರು. ಮಾವನ ಮಗ್ಗಕ್ಕೆ ಅದುವರೆಗೆ ಯಾರೂ ಹಾಗೆ ಅಂದಿರಲಿಲ್ಲ. ಅವರು ನಿಮ್ಮ ಕಡೆ ತಿರುಗಿ, "ಒರೇಯ್, ಮಗ್ಗ ಬೇಕೋ ಆ ಹಾಡೋ ಪೆಟ್ಟಿಗೆ ಬೇಕೋ, ಈಗ್ಲೇ ಹೇಳು" ಎಂದರು. ಆಗ ನಮ್ಮೂರಲ್ಲೇ ಇದ್ದ ಟಾಕಿ ಟೆಂಟು ಕಿತ್ತ ದಿನ ಅದರ ಜೊತೆ ನೀವೂ ಹೊರಟಿರಿ. ಮಾವ ಕೇಳಿದ ಎರಡರಲ್ಲಿ ಬಸುರಿ ಹೆಂಡತಿ ಇರಲಿಲ್ಲ, ಆದ್ದರಿಂದ ನಿಮ್ಮನ್ನು ಪೂರ್ತಿ ದೂರುವಂತಿಲ್ಲ. ಪಕ್ಕದ ಮನೆ ಕೆಂಚಕ್ಕ ಈಗಲೂ "ನಿನ್ ಗಂಡ ಟಾಕಿಯಾಗೆ ಕುಣೀತಾನಂತೆ, ಹೌದೇನೇ?" ಎಂದು ಕೇಳುತ್ತಾಳೆ, ಇಲ್ಲಮ್ಮ, ಆಟಕ್ಕೆ ಮುಂಚೆ ಪ್ಲೇಟು ಹಾಕುತ್ತಾರೆ ಎನ್ನಲು ನನಗೆ ಇನ್ನೂ ನಾಚಿಕೆ. ಹೋಗುವ ಅವಸರದಲ್ಲಿ ಪ್ಲೇಟುಗಳನ್ನು ಬಿಟ್ಟು ಹೋದಿರಿ. ನನಗಲ್ಲದಿದ್ದರೂ ಅವುಗಳಿಗೆ ಒಂದು ದಿನ ಬಂದೇ ಬರುತ್ತೀರಿ ಎಂದು ನಂಬಿ ನಾನು ಅವನ್ನು ಒರೆಸಿ ಒರೆಸಿ ಇಟ್ಟೆ. ಈಗ ಅವುಗಳಿಗೂ ಬೋರಣ್ಣ ಬಂದಿದ್ದಾನೆ.

ನೀವು ಕೇಳದ ಸುದ್ದಿಯನ್ನೂ ಬರೆಯುತ್ತೇನೆ, ಓದುವುದು ಬಿಡುವುದು ನಿಮಗೆ ಸೇರಿದ್ದು. ಮಗಳಿಗೆ ಯಾವುದೋ ಟಾಕಿಯ ರಾಣಿಯ ಹೆಸರಿಡಿ ಎಂದು ಹಿರಿಯೂರಿನಿಂದ ಒಂದು ಕಾರ್ಡು ಹಾಕಿದ್ದಿರಿ. ಅತ್ತೆ ಅದನ್ನು ಒಲೆಗೆ ಹಾಕಿದರು. ರಂಗಮ್ಮ ಎಂದು ಮಾವನ ತಾಯಿಯ ಹೆಸರಿಟ್ಟೆವು. ನಿಮ್ಮ ಅಕ್ಕ ತಿಪ್ಪಕ್ಕ ದೇವಸಮುದ್ರದಿಂದ ಬಂದು ಕಿವಿಯಲ್ಲಿ ಕುರ್ರ್ ಎಂದು ಹೆಸರು ಕೂಗುವಾಗ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಿದ್ದೇ ಗುದ್ದಿದ್ದು. ಬೀದಿಗೆ ಕೇಳುವಷ್ಟು ನಗು, ಮಗು ಮಾತ್ರ ಕಣ್ಣೇ ಬಿಡಲಿಲ್ಲ. ಆ ಜಾಳು ಪಟ್ಟೆಯ ಸೀರೆಯನ್ನೇ ಅವಳಿಗೆ ಜೋಲಿ ಕಟ್ಟಿದ್ದೇನೆ, ಗಾಳಿ ಚೆನ್ನಾಗಿ ಆಡುತ್ತದೆ, ನಿಮ್ಮ ಹಾಡು ಅಷ್ಟಕ್ಕಾದರೂ ಬಂತು. ಒಂದು ದಿನ ಅತ್ತೆಯ ಕೈಯಿಂದ ತಾಮ್ರದ ಬಿಂದಿಗೆ ಜಾರಿ ಜೋಲಿಯ ಹತ್ತಿರವೇ ಬಿತ್ತು. ಕೆಂಚಕ್ಕ ಓಡಿ ಬಂದಳು, ಮಾವ ಕುಣಿಯಿಂದ ಎದ್ದು ಬಂದರು, ಇವಳು ಸುಖವಾಗಿ ನಿದ್ದೆ ಮಾಡುತ್ತಿದ್ದಳು. "ಇಂಥ ಸಾಧು ಕೂಸು ನಾ ಎಲ್ಲೂ ಕಂಡಿಲ್ಲಮ್ಮ" ಎಂದು ಅತ್ತೆ ದೃಷ್ಟಿ ತೆಗೆದರು. ಈಗ ಹಿಡಿದುಕೊಂಡು ನಿಲ್ಲುತ್ತಾಳೆ. ಮಾವ ನೇಯಲು ಕೂತರೆ ಸಾಕು, ಅಂಬೆಗಾಲಿಟ್ಟು ಹೋಗಿ ಮಗ್ಗದ ಕಂಬಕ್ಕೆ ಎರಡೂ ಅಂಗೈ ಒತ್ತಿ ನಿಂತು ಪ್ರತಿ ಬಡಿತಕ್ಕೂ ನಗುತ್ತಾಳೆ. "ನೋಡಮ್ಮ, ನಮ್ಮ ಮಗ್ಗ ನಡೆಸೋಳು ಬಂದ್ಲು" ಎಂದು ಮಾವ ಎಷ್ಟೋ ದಿನದ ಮೇಲೆ ನಕ್ಕರು.

ಪ್ಲೇಟುಗಳ ಪೆಟ್ಟಿಗೆಯನ್ನು ಬೋರಣ್ಣನ ಮುಂದೆ ಇಟ್ಟಿದ್ದೇನೆ. ಮಲಗಿಸಿಲ್ಲ, ನಿಲ್ಲಿಸಿದ್ದೇನೆ, ನಡುನಡುವೆ ರೇಷ್ಮೆಯ ಚಿಂದಿ ಇಟ್ಟಿದ್ದೇನೆ. ಗ್ರಾಮಾಫೋನು ಮಾತ್ರ ಕೊಡುವುದಿಲ್ಲ. ಪೀಡೆ ತೊಲಗಲಿ, ಕೊಟ್ಟುಬಿಡು ಎಂದರು ಮಾವ. ನಾನೇ ಬೇಡ ಎಂದೆ. ಮಾವನಿಗೆ ಎದುರು ಮಾತಾಡಿದ್ದು ಇದೇ ಮೊದಲು. ಅದನ್ನು ಮುಟ್ಟಗೊಡದಿದ್ದ ನೀವು ಈಗ ಕೇಳಿ: ಕೀಲಿ ಕೊಡುವುದು, ಮುಳ್ಳು ಬದಲಿಸುವುದು ಎಲ್ಲ ಕಲಿತಿದ್ದೇನೆ, ಒಂದು ಗೀರೂ ಬಿದ್ದಿಲ್ಲ. ಯಾಕೆ ಕಲಿತೆ ಎಂಬುದು ಈಗ ಬೇಡ, ಕೊನೆಗೆ ನೋಡೋಣ.

ಅತ್ತೆ ನಿಮಗೆ ಆಶೀರ್ವಾದ ಹೇಳಿದ್ದಾರೆ. ನಿಮ್ಮ ಕೆಮ್ಮಿನ ಸುದ್ದಿ ಕೇಳಿ ಶುಂಠಿ ತಂದುಕೊಟ್ಟವರು ಮಾವನೇ. ಹೊತ್ತಿಗೆ ಸರಿಯಾಗಿ ಉಣ್ಣಿ, ಟೆಂಟಿನ ಬರೀ ನೆಲದ ಮೇಲೆ ಮಲಗಬೇಡಿ. ರಂಗಮ್ಮನ ಪರವಾಗಿ ಅವಳ ಅಪ್ಪನಿಗೆ ನಾನೇ ನಮಸ್ಕಾರ ಹೇಳುತ್ತಿದ್ದೇನೆ.

ಇಂತಿ,
ಬಿಟ್ಟು ಹೋದಲ್ಲೇ ಇರುವ ನಿಮ್ಮ
ಓಬಳಮ್ಮ

ತಾ.ಕ.: ಬಸ್ಸಿನ ಹಾರನ್ನು ಕೇಳಿಸಿತು, ಬೋರಣ್ಣ ಎದ್ದು ನಿಂತಿದ್ದಾನೆ. ರಂಗಮ್ಮನಿಗೆ ಕಿವಿ ಕೇಳುವುದಿಲ್ಲ. ಬಿಂದಿಗೆ ಬಿದ್ದ ದಿನವೇ ನನಗೆ ಅನುಮಾನ ಬಂತು. ಮೊನ್ನೆ ಮನೆಯಲ್ಲಿ ಯಾರೂ ಇಲ್ಲದಾಗ ಅವಳ ಬೆನ್ನ ಹಿಂದೆ ಗ್ರಾಮಾಫೋನು ಇಟ್ಟು ನಿಮ್ಮ ಪ್ಲೇಟುಗಳನ್ನೆಲ್ಲ ಒಂದೊಂದಾಗಿ ಹಾಕಿದೆ, ನಿಮ್ಮ ಮಗಳಲ್ಲವೇ, ಯಾವುದಾದರೂ ಒಂದಕ್ಕೆ ತಿರುಗಿಯಾಳು ಅಂತ. ತಿರುಗಲಿಲ್ಲ. ಮಾವನಿಗೂ ಅತ್ತೆಗೂ ಹೇಳಿಲ್ಲ, ನಿಮಗೇ ಮೊದಲು. ನಾನು ಅಳುತ್ತ ಕೂತಾಗ ಅವಳೇ ನನ್ನ ಕಡೆ ಹರಿದು ಬಂದು, ಹಾಡುತ್ತಿದ್ದ ಗ್ರಾಮಾಫೋನಿಗೆ ಮಗ್ಗದ ಕಂಬಕ್ಕೆ ಒತ್ತುವ ಹಾಗೆಯೇ ಅಂಗೈ ಒತ್ತಿ ನಕ್ಕಳು. ನವಿಲಿನ ಚೀಟಿಯ ರಾಣಿಯ ಪ್ಲೇಟು ಅದು, ತಬಲ ಜೋರಾಗಿದೆಯಲ್ಲ, ಅದೇ, ಆ ಅದುರು ಅವಳ ಅಂಗೈಗೆ ತಿಳಿಯುತ್ತದೆ. ಕೀಲಿ ಇಳಿದು ನಿಂತರೆ ಕೈ ತೆಗೆಯದೆ ನನ್ನ ಮುಖ ನೋಡುತ್ತಾಳೆ. ಆ ಪ್ಲೇಟು ಪೆಟ್ಟಿಗೆಯಲ್ಲಿಲ್ಲ, ಹುಡುಕಬೇಡಿ. ಬೇಕೇ ಬೇಕಾದರೆ ಬೋರಣ್ಣನನ್ನು ಕಳಿಸಬೇಡಿ. ನೀವೇ ಬಂದು, ನಿಮ್ಮ ಕೈಯಿಂದಲೇ ಅವಳ ಕೈ ಬಿಡಿಸಿ ತೆಗೆದುಕೊಂಡು ಹೋಗಿ.