ಕೊರಿಯಾದ ಚುನಾವಣೆ ಮತ್ತು ಮೆಲನಿಯ ರೋಸ್

ಇಂಡಸ್ಟ್ರಿಯಲ್ ಏರಿಯಾ, ದೋಹಾ
21 ಡಿಸೆಂಬರ್ 2007, ಶುಕ್ರವಾರ

ಪ್ರೀತಿಯ ಆನ್ಸೆಲ್ಮ್ ಅಣ್ಣನಿಗೆ ತಮ್ಮ ಗಾಬ್ರು ಮಾಡುವ ನಮಸ್ಕಾರ.

ಅಂತೂ ಗೆದ್ದೆವು ಮಾರಾಯ! ಭಾರೀ ಅಂತರದಲ್ಲಿ ಗೆದ್ದೆವು. ಗೆದ್ದೆವು ಅಂದರೆ ನಾನೂ ನೀನೂ ಅಲ್ಲ, ದಕ್ಷಿಣ ಕೊರಿಯಾದವರು. ಮೊನ್ನೆ ಹತ್ತೊಂಬತ್ತಕ್ಕೆ ಅಲ್ಲಿ ರಾಷ್ಟ್ರಪತಿ ಚುನಾವಣೆ ಇತ್ತು. ನಮ್ಮ ಚೊಯ್ ಸಾಹೇಬರ ಕ್ಯಾಂಡಿಡೇಟೇ ಬಂದ. ನಾನು ಆ ದೇಶ ಕಂಡವನಲ್ಲ, ಅಲ್ಲಿ ವೋಟು ಇರುವವನೂ ಅಲ್ಲ. ಆದರೆ ಅವನಿಗೋಸ್ಕರ ಇಪ್ಪತ್ತೊಂದು ದಿನ ಮೊಣಕಾಲೂರಿ ಈಗ ಮೆಟ್ಟಿಲು ಹತ್ತುವಾಗ ಕಾಲು ಕಟಕಟ ಅನ್ನುತ್ತದೆ.

ಹನ್ನೊಂದು ವರ್ಷ ಮಾತು ಬಿಟ್ಟವ ಒಮ್ಮೆಲೇ ಕೊರಿಯಾದ ಸುದ್ದಿ ಹೇಳುತ್ತಾನಲ್ಲ, ಬಿಸಿಲಿಗೆ ತಲೆ ಕೆಟ್ಟಿತಾ ಅಂತ ನೀನು ಉರ್ಸುಲಾ ಅತ್ತಿಗೆಯ ಮುಖ ನೋಡಿರುತ್ತೀ. ತಲೆ ಸರಿ ಉಂಟು. ಕೊಂಕಣಿ ಬಿಟ್ಟು ಕನ್ನಡದಲ್ಲಿ ಬರೆಯುವುದಕ್ಕೂ ಕಾರಣ ಉಂಟು. ನಾವು ಬೈದಾಡಿಕೊಂಡದ್ದೆಲ್ಲ ಕೊಂಕಣಿಯಲ್ಲಿ. ಅದರಲ್ಲಿ ಬರೆದರೆ ಮೂರನೇ ಸಾಲಿಗೆ ಜಗಳ ಶುರುವಾಗುತ್ತದೆ. ಕನ್ನಡದಲ್ಲಿ ನನಗೆ ಬರುವುದು ಐದನೇ ಕ್ಲಾಸಿನವರೆಗಿನ ಮಾತು ಮಾತ್ರ, ಅಷ್ಟರೊಳಗೆ ಮಾಸ್ಟ್ರು ಬೈಗುಳ ಕಲಿಸಿರಲಿಲ್ಲ.

ನನ್ನ ಮಗಳು ಮೆಲನಿಯ ಮದುವೆ ಜನವರಿ ಒಂಬತ್ತಕ್ಕೆ. ಮುಂಚಿನ ದಿನ ಎಂಟಕ್ಕೆ ತೆಂಗಿನ ಹಾಲು ಹಾಕಿ ಮೀಯಿಸುವ ರೋಸ್. ಗೋಡೆಯ ಆಚೆ ಇದ್ದರೂ ನಿನಗೆ ಗೊತ್ತಿರುತ್ತದೆ, ಚಪ್ಪರದ ಕಂಬ ಹೂಳುವ ಶಬ್ದ ಕಿನ್ನಿಗೋಳಿ ಪೇಟೆಯವರೆಗೆ ಕೇಳುತ್ತದಂತೆ. ಅದಕ್ಕೆ ನನಗೆ ರಜೆ ಬೇಕು. ಇಲ್ಲಿಂದ ಹೊರಡಬೇಕಾದರೆ ಟಿಕೆಟ್ ಇದ್ದರೆ ಸಾಲದು, ಎಕ್ಸಿಟ್ ಪೇಪರ್ ಬೇಕು. ಮೊದಲು ಚೊಯ್ ಸಾಹೇಬರ ಸೈನ್, ಆಮೇಲೆ ಅರಬಿ ಮಾಲಿಕರ ಸೀಲು. ಎರಡರಲ್ಲಿ ಒಂದಿಲ್ಲದಿದ್ದರೂ ಮಾಫಿ, ಅಂದರೆ ಅರಬಿಯಲ್ಲಿ ಇಲ್ಲ, ಏರ್‌ಪೋರ್ಟಿನಿಂದ ವಾಪಸ್.

ಚೊಯ್ ಸಾಹೇಬರು ನಾನು ಅಡುಗೆ ಮಾಡುವ ಕೊರಿಯಾ ಕಂಪೆನಿಯ ಕ್ಯಾಂಪಿಗೆ ದೊಡ್ಡವರು. ಕ್ರೈಸ್ತರೇ, ಆದರೆ ನಮ್ಮ ಹಾಗೆ ಕಥೋಲಿಕರಲ್ಲ. ಪೋಪರನ್ನು ಒಪ್ಪುವುದಿಲ್ಲ, ಮರಿಯಮ್ಮನ ಹೆಸರೆತ್ತಿದರೆ ಕೆಮ್ಮುತ್ತಾರೆ. ಊರಿನ ಅವರ ಚರ್ಚಿನಲ್ಲಿ ಅವರು ಎಲ್ಡರ್, ಅಂದರೆ ನಮ್ಮ ಇಗರ್ಜಿಯಲ್ಲಿ ವಾಡೆಗೊಬ್ಬ ಮುಂದಾಳು, ಗುರ್ಕಾರ, ಇದ್ದ ಹಾಗೆ. ಚುನಾವಣೆಗೆ ನಿಂತವನೂ ಒಂದು ದೊಡ್ಡ ಇಗರ್ಜಿಯ ಎಲ್ಡರ್ ಅಂತೆ. ಗುರ್ಕಾರನೊಬ್ಬ ರಾಷ್ಟ್ರಪತಿ ಆಗುವುದಾದರೆ ಬೇರೆ ಗುರ್ಕಾರರು ಸುಮ್ಮನೆ ಕೂರುತ್ತಾರಾ? ಅವರಲ್ಲಿ ಪಾದ್ರಿಗಳೇ ಬೀದಿಗಿಳಿಯುತ್ತಾರೆ. ಒಂದು ಫೋಟೋ ತೋರಿಸಿದರು. ಸಾವಿರಾರು ಜನ ಮೈದಾನದಲ್ಲಿ ಕೂತು ಪ್ರಾರ್ಥನೆ ಮಾಡುತ್ತಿದ್ದಾರೆ, ಕೈಯಲ್ಲಿ ಒಂದು ಕೊರಿಯಾದ ಬಾವುಟ, ಒಂದು ಅಮೆರಿಕಾದ ಬಾವುಟ.

"ಸರ್, ಪ್ರಾರ್ಥನೆ ದೇವರಿಗೆ. ಅಮೆರಿಕಾದ ಬಾವುಟ ಯಾಕೆ?" ಅಂತ ಕೇಳಿದೆ.

"ಗಾಬ್ರಿಯೇಲ್, ಗಾಡ್ ನಂಬರ್ ಒನ್," ಅಂದರು. ಸ್ವಲ್ಪ ಯೋಚಿಸಿ, "ಅಮೆರಿಕಾ ನಂಬರ್ ಒನ್ ಪಾಯಿಂಟ್ ಫೈವ್."

ನವೆಂಬರ್ ಕೊನೆಗೆ ಸಾಹೇಬರು ಇಪ್ಪತ್ತೊಂದು ದಿನದ ಉಪವಾಸ ಹಿಡಿದರು, ಬರೀ ನೀರು. ಕ್ಯಾಂಪಿನ ಕೊರಿಯಾದವರೆಲ್ಲ ಬೆಳಿಗ್ಗೆ ಐದಕ್ಕೆ ಮೆಸ್ಸಿನಲ್ಲಿ ಸೇರಿ, ಕಿಟಕಿ ಮುಚ್ಚಿ, ಪ್ರಾರ್ಥಿಸಬೇಕು ಅಂತಾಯಿತು. ಎಣಿಸಿದರೆ ಸಾಹೇಬರನ್ನು ಬಿಟ್ಟು ಹನ್ನೊಂದು ಜನ. ಅಪೊಸ್ತಲರು ಹನ್ನೆರಡಲ್ಲವಾ? ಸಾಹೇಬರ ಕಣ್ಣು ನನ್ನ ಮೇಲೆ ಬಿತ್ತು. ನನ್ನ ಹೆಸರು ಬೇರೆ ದೇವದೂತನದ್ದು.

ನಾನು ರಜೆಯ ಅರ್ಜಿ ಹಿಡಿದುಕೊಂಡೇ ಹೋದೆ. ಅವರು ಅದನ್ನು ಬೈಬಲಿನ ಒಳಗೆ ಇಟ್ಟು, "ವಿ ವಿನ್, ಐ ಸೈನ್. ವಿ ಲೂಸ್, ಫಾರ್ಟಿ ಡೇಸ್ ಮೋರ್ ಪ್ರೇ. ನೋಬಡಿ ಗೋ," ಅಂದರು.

ನಲವತ್ತು ದಿನ! ಲೆಕ್ಕ ಹಾಕಿದೆ, ಜನವರಿ ಇಪ್ಪತ್ತೆಂಟು. ಮದುಮಗಳು ಅಷ್ಟರಲ್ಲಿ ಗಂಡನ ಮನೆಯಲ್ಲಿ ಮೀನು ಕೊಯ್ಯುತ್ತಿರುತ್ತಾಳೆ. ಹಾಗೆ ನಾನು ಒಂದೇ ದಿನದಲ್ಲಿ ಆ ಪಾರ್ಟಿಗೆ ಸೇರಿದೆ.

ಅವರ ಪ್ರಾರ್ಥನೆ ನಮ್ಮ ಹಾಗೆ ಸಾಲಾಗಿ ಅಲ್ಲ. "ಜುಯೊ!" ಅಂತ ಮೂರು ಸಲ ಕೂಗುತ್ತಾರೆ, ಕರ್ತನೇ ಅಂತ ಅರ್ಥ. ಆಮೇಲೆ ಎಲ್ಲರೂ ಒಟ್ಟಿಗೆ, ಅವರವರಿಗೆ ಬೇಕಾದ್ದನ್ನು, ಮೀನು ಮಾರ್ಕೆಟಿನಲ್ಲಿ ಬೋಟು ಬಂದ ಹಾಗೆ ಕೂಗುವುದು. ನನಗೆ ಅನುಕೂಲವೇ ಆಯಿತು. ಆ ಗಲಾಟೆಯಲ್ಲಿ ನಾನು ಜೇಬಿನೊಳಗೆ ಜಪಸರ ಹಿಡಿದು ಐವತ್ತೂ ನಮೊ ಮರಿಯೆ ಮುಗಿಸಿಬಿಡುತ್ತಿದ್ದೆ. ಮರಿಯಮ್ಮನನ್ನು ಒಪ್ಪದವರ ಪಾರ್ಟಿಯನ್ನು ಗೆಲ್ಲಿಸು ಅಂತ ಮರಿಯಮ್ಮನ ಹತ್ತಿರವೇ ಕೇಳಿದ್ದು ನಾನೊಬ್ಬನೇ ಇರಬೇಕು. ಅವಳಿಗೂ ನಗು ಬಂದಿರುತ್ತದೆ.

ಒಂದು ದಿನ ಸಾಹೇಬರು ನನಗೆ ಅವರ ಊರಿನ ರಾಜಕೀಯ ಕಲಿಸಿದರು. ಮೇಜಿನ ಮೇಲೆ ದೊಡ್ಡ ಅನ್ನದ ಪಾತ್ರೆ ಇಟ್ಟು ಇದು ಚೀನಾ ಅಂದರು. ಈಚೆಗೆ ಸೋಯಾ ಸಾಸಿನ ಬಾಟ್ಲಿ, ಅದು ಜಪಾನ್. ಮೇಲೆ ಐಸಿನ ಡಬ್ಬ, ರಷ್ಯಾ. ಆಚೆ ಗೋಡೆಗೆ ಇರುವ ಡೀಪ್ ಫ್ರೀಜರ್ ಅಮೆರಿಕಾ, ದೂರ ಇದ್ದರೂ ಮಾಲು ಎಲ್ಲ ಅದರೊಳಗೆ. ನಡುವೆ ಒಂದು ಹಸಿಮೆಣಸು ಇಟ್ಟು ಎರಡು ತುಂಡು ಮಾಡಿದರು. ಉತ್ತರ ಕೊರಿಯಾ, ದಕ್ಷಿಣ ಕೊರಿಯಾ. ಒಂದೇ ಮೆಣಸು, ಒಂದೇ ಖಾರ, ಐವತ್ತು ಚಿಲ್ಲರೆ ವರ್ಷದಿಂದ ನಡುವೆ ಬೇಲಿ. ಹೋದ ವರ್ಷ ಉತ್ತರದವರು ಅಣುಬಾಂಬು ಸಿಡಿಸಿ ನೋಡಿದರಂತೆ. ಆರು ದೇಶದವರು ಮೇಜಿನ ಸುತ್ತ ಕೂತು ಮಾತಾಡುತ್ತಲೇ ಇದ್ದಾರೆ, ಖಲಾಸ್ ಆಗಿಲ್ಲ.

ಆರು ಜನ ಅಂದ ಕೂಡಲೇ ನನಗೆ ನಮ್ಮದು ನೆನಪಾಯಿತು. ಅಮ್ಮ ಸತ್ತ ವರ್ಷ, ನಾನು ರಜೆಗೆ ಬಂದಾಗ, ಪಾದ್ರಿಗಳ ಜಗಲಿಯಲ್ಲಿ ಕೂತಿದ್ದೆವಲ್ಲ? ಪಾದ್ರಿ, ಸರ್ವೆಯವ, ಮೆಂಬರ್, ವಕೀಲ, ನೀನು, ನಾನು. ಜೀಗುಜ್ಜೆ ಮರದ ಬುಡದ ಒಂದೂವರೆ ಅಡಿ ಜಾಗಕ್ಕೆ. ಸರ್ವೆ ಕಲ್ಲನ್ನು ನಾನು ಸರಿಸಿದ್ದೇನೆ ಅಂತ ನೀನು, ಇಲ್ಲ ಅಂತ ನಾನು, ಚಹಾ ಮಾತ್ರ ಮೂರು ಸಲ ಬಂತು. ಆಮೇಲೆ ಎದ್ದದ್ದು ಗೋಡೆ. ಮರ ಇರುವಲ್ಲಿ ಗೋಡೆ ಕಟ್ಟಲಿಕ್ಕಾಗದೆ ಮೇಸ್ತ್ರಿ ಒಂದು ಕಿಂಡಿ ಬಿಟ್ಟ, ಅಷ್ಟೇ ನಮ್ಮ ಒಪ್ಪಂದ.

ಸಾಹೇಬರಿಗೆ ಇದನ್ನೆಲ್ಲ ಹೇಳಲಿಲ್ಲ. ಅವರು ಬೇರೆ ಸಿಟ್ಟಿನಲ್ಲಿದ್ದರು. ಈಗಿರುವ ಸರಕಾರ ಉತ್ತರದವರಿಗೆ ಅಕ್ಕಿ ಕೊಡುತ್ತದೆ, ತಿಂದು ಬಾಂಬು ಮಾಡುತ್ತಾರೆ ಅಂತ. "ನೋ ರೈಸ್! ಒನ್ ಗ್ರೇನ್ ನೋ!" ಅಂತ ಮೇಜು ಕುಟ್ಟಿದರು, ಜಪಾನ್ ಮಗುಚಿ ಚೀನಾದ ಮೇಲೆ ಬಿತ್ತು. ಒರೆಸಿದ್ದು ನಾನು.

ಈಗ ಉಪವಾಸದ ಹದಿಮೂರನೇ ದಿನದ ಕತೆ ಕೇಳು. ಮಧ್ಯಾಹ್ನ ಮೂರು ಗಂಟೆ. ಕೆಲಸ ಮುಗಿಸಿ ನಾನು ಅಡುಗೆ ಕೋಣೆಯಲ್ಲಿ ಗಂಜಿ ಉಣ್ಣುತ್ತಿದ್ದೆ, ಕುಚ್ಚಲಕ್ಕಿಯದ್ದೇ, ಜೊತೆಗೆ ಊರಿನಿಂದ ನನ್ನವಳು ಡೊರೊತಿ ಕಳಿಸಿದ ಉಪ್ಪಿನಕಾಯಿ, ಸುಟ್ಟ ಒಣಮೀನು. ಸಾಹೇಬರು ಸ್ಟಾಕ್ ಚೆಕ್ ಅಂತ ಬಂದರು. ಪ್ಯಾಂಟು ಬೆಲ್ಟಿನಲ್ಲಿ ನೇತಾಡುತ್ತಿತ್ತು. ಅಕ್ಕಿ ಚೀಲ ನೋಡಿದರು, ಎಣ್ಣೆ ಡಬ್ಬ ನೋಡಿದರು, ಆಮೇಲೆ ನನ್ನ ಬಟ್ಟಲು ನೋಡಿದರು, ನೋಡುತ್ತಲೇ ಇದ್ದರು.

"ವಾಟ್ ಈಸ್?"

"ಗಂಜಿ ಸರ್."

"ಕೊರಿಯಾ, ಜುಕ್," ಅಂದರು. ಸ್ಟೂಲ್ ಎಳೆದು ಕೂತರು. ಅವರ ತಾಯಿ ಉತ್ತರದವಳಂತೆ ಅಣ್ಣ. ಯುದ್ಧದಲ್ಲಿ ಸಣ್ಣ ಹುಡುಗಿ ಒಂದು ಪಾತ್ರೆ ಹೊತ್ತುಕೊಂಡು ದಕ್ಷಿಣಕ್ಕೆ ಓಡಿ ಬಂದವಳು. ಅಕ್ಕ ಅಲ್ಲೇ ಉಳಿದಳು. ಜೀವ ಹೋಗುವವರೆಗೆ ಆ ಪಾತ್ರೆಯಲ್ಲೇ ಗಂಜಿ ಬೇಯಿಸಿ, ಮೊದಲ ಬಟ್ಟಲು ಅಕ್ಕನಿಗೆ ಅಂತ ತೆಗೆದಿಡುತ್ತಿದ್ದಳಂತೆ.

ನಾನು ಇನ್ನೊಂದು ಬಟ್ಟಲಿಗೆ ಬಡಿಸಿದೆ. ಎರಡು ಬಟ್ಟಲು ಖಾಲಿ ಮಾಡಿದರು, ಒಣಮೀನಿನ ತಲೆ ಸಮೇತ. ಆಮೇಲೆ ಮುಖ ಒರೆಸಿ, "ಗಾಡ್ ಸೀ. ಓಕೆ. ಗಾಬ್ರಿಯೇಲ್ ನೋ ಸೀ," ಅಂದರು.

"ನಾನು ಉಪ್ಪು ಹುಡುಕುತ್ತಿದ್ದೆ ಸರ್, ಎಂತದೂ ನೋಡಲಿಲ್ಲ," ಅಂದೆ. ಹೋಗುವಾಗ ಅವರ ಪೆನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು ಹೋದರು. ಮಾರನೆ ದಿನದಿಂದ ಫ್ಲಾಸ್ಕಿನಲ್ಲಿ ಬಿಸಿನೀರು ಅಂತ ಹೋದದ್ದು ಗಂಜಿತಿಳಿ. ಹನ್ನೊಂದು ಜನ ಅಪೊಸ್ತಲರಿಗೂ ಸುಳಿವಿಲ್ಲ.

ಇನ್ನೊಂದು ಸಂಗತಿ ಆಮೇಲೆ ಶುರುವಾಯಿತು. ನಮ್ಮ ಮೆಸ್ಸಿನ ಹಿಂದೆ ಬೇಲಿ, ಬೇಲಿಯ ಆಚೆ ಬೇರೆ ಕಂಪೆನಿಯ ಸೈಟು. ಅಲ್ಲಿ ಕಲ್ಲು ಹೊರುವವರು ಉತ್ತರ ಕೊರಿಯಾದವರು. ಹೌದು, ಅವರೇ. ಸೊರಗಿದ ಜನ, ಒಬ್ಬ ಮೇಲ್ವಿಚಾರಕ ಕಾಯುತ್ತಿರುತ್ತಾನೆ, ನಮ್ಮ ಕಡೆ ತಲೆ ಎತ್ತುವ ಹಾಗಿಲ್ಲ. ಹದಿನಾಲ್ಕನೇ ದಿನ ಸಾಹೇಬರು ಬಂದು, "ಟುಡೇ ರೈಸ್ ಟೂ ಮಚ್. ಫೆನ್ಸ್ ಸೈಡ್ ಕೀಪ್. ಫಾರ್ ಕ್ಯಾಟ್," ಅಂದರು. ಬೆಕ್ಕಿಗೆ, ಹತ್ತು ಕಿಲೋ ಅನ್ನ! ಮರುದಿನವೂ ಟೂ ಮಚ್. ಅಕ್ಕಿ ಹೆಚ್ಚು ಹಾಕಲಿಕ್ಕೆ ಹೇಳುವವರೂ ಅವರೇ, ಹೆಚ್ಚಾಯಿತು ಅನ್ನುವವರೂ ಅವರೇ. ಬೆಳಿಗ್ಗೆ ಐದಕ್ಕೆ ಉತ್ತರಕ್ಕೆ ಒಂದು ಕಾಳು ಹೋಗಬಾರದು ಅಂತ ಕಣ್ಣೀರಿಟ್ಟು ಪ್ರಾರ್ಥನೆ, ಮಧ್ಯಾಹ್ನ ಒಂದಕ್ಕೆ ಬೇಲಿ ಹತ್ತಿರ ಪಾತ್ರೆ.

ನಮ್ಮ ಬಸ್ ಡ್ರೈವರ್ ಮೊಯ್ದಿನ್ ಕುಂಞಿ, ಉಳ್ಳಾಲದವ, ಇದನ್ನು ನೋಡಿ, "ಎಂತ ಗಾಬ್ರಿಯಣ್ಣ, ನಿಮ್ಮ ಸಾಹೇಬ ಯಾವ ಪಾರ್ಟಿ ಮಾರಾಯ್ರೆ?" ಅಂತ ಕೇಳಿದ.

"ಬೆಳಿಗ್ಗೆ ಒಂದು, ಊಟದ ಹೊತ್ತಿಗೆ ಇನ್ನೊಂದು," ಅಂದೆ.

ಪಾತ್ರೆ ಪ್ರತಿದಿನ ವಾಪಸ್ ಬರುತ್ತದೆ ಅಣ್ಣ. ಯಾರು ತರುತ್ತಾರೆ ಕಾಣುವುದಿಲ್ಲ. ಮರಳಿನಲ್ಲಿ ತಿಕ್ಕಿ, ಕನ್ನಡಿಯ ಹಾಗೆ ಹೊಳೆಯುತ್ತಾ, ಬೇಲಿಯ ಬುಡದಲ್ಲಿ ಕವುಚಿ ಇಟ್ಟಿರುತ್ತದೆ.

ಚುನಾವಣೆಯ ದಿನ ಇಲ್ಲಿ ಬಕ್ರೀದ್. ಕೊರಿಯಾದಲ್ಲಿ ಸಂಜೆ ಆರಾದರೆ ಇಲ್ಲಿ ಮಧ್ಯಾಹ್ನ ಹನ್ನೆರಡು. ಟಿವಿಯಲ್ಲಿ ಯಾರು ಗೆಲ್ಲುತ್ತಾರೆ ಅಂತ ನಂಬರ್ ಬಂದದ್ದೇ ತಡ, ಹನ್ನೊಂದು ಜನ ಒಟ್ಟಿಗೆ "ಜುಯೊ!" ಅಂತ ಬೊಬ್ಬೆ ಹೊಡೆದರು. ಹೊಸ ಬಟ್ಟೆ ಹಾಕಿ ನನಗೆ ಬಿರಿಯಾನಿ ತರುತ್ತಿದ್ದ ಮೊಯ್ದಿನ್ ಗ್ಯಾಸ್ ಸಿಲಿಂಡರ್ ಒಡೆಯಿತು ಅಂತ ಬಿರಿಯಾನಿ ಸಮೇತ ಗೇಟಿನ ಹೊರಗೆ ಓಡಿದ. ಸಾಹೇಬರು ಅಳುತ್ತಾ ನನ್ನನ್ನು ಎತ್ತಿಕೊಂಡರು. ನಾನು ಎಂಬತ್ತೆರಡು ಕಿಲೋ, ಅವರು ಇಪ್ಪತ್ತೊಂದು ದಿನದ ಉಪವಾಸಿ. ಇಬ್ಬರೂ ಒಟ್ಟಿಗೆ ಕೆಳಗೆ ಬಿದ್ದೆವು.

ಇನ್ನು ಮುಖ್ಯ ವಿಷಯ. ಸಾಹೇಬರ ಸೈನ್ ಆಯಿತು. ಆದರೆ ಮಾಲಿಕರ ಆಫೀಸಿಗೆ ಬಕ್ರೀದ್ ರಜೆ, ಸೀಲು ಯಾವಾಗ ಬೀಳುತ್ತದೋ ಹೇಳಲಿಕ್ಕಾಗುವುದಿಲ್ಲ. ಒಂಬತ್ತಕ್ಕೆ ನಾನು ಮುಟ್ಟದೆ ಹೋಗಬಹುದು. ರೋಸಿನ ದಿನ ಮೆಲನಿಯ ತಲೆಗೆ ತೆಂಗಿನ ಹಾಲು ಹಾಕಲಿಕ್ಕೆ ಅಪ್ಪನ ಕಡೆಯವರು ಬೇಕು. ಇಗರ್ಜಿಯಲ್ಲಿ ಕೈ ಹಿಡಿದು ನಡೆಸಲಿಕ್ಕೆ ಬೇಕು. ಮದುಮಗನ ಮನೆಯವರಿಗೆ ಒಪ್ಪಿಸಿಕೊಡುವಾಗ ನಾಲ್ಕು ಮಾತು ಹೇಳಬೇಕು. ನಾನು ಇದ್ದರೂ ಆ ನಾಲ್ಕರಲ್ಲಿ ಮೂರು ತಮಾಷೆ ಮಾಡಿ ಹಾಳು ಮಾಡುತ್ತಿದ್ದೆ. ನೀನು ಎಂಟನೇ ಕ್ಲಾಸು ಓದಿದವ, ಗಂಭೀರದವ. ಅವಳಿಗೆ ದೊಡ್ಡಪ್ಪ ಅಂತ ಇರುವುದು ನೀನೊಬ್ಬನೇ. ಚಿಕ್ಕವಳಿದ್ದಾಗ ನಿನ್ನ ಹೆಗಲ ಮೇಲೆ ಕೂತೇ ಜೀಗುಜ್ಜೆ ಕೊಯ್ಯುತ್ತಿದ್ದಳು. ನನ್ನ ಮೇಲಿನ ಸಿಟ್ಟು ಅವಳ ಮೇಲೆ ಹಾಕಬೇಡ. ನಿಲ್ಲುತ್ತೀ ಅಲ್ಲವಾ?

ಉತ್ತರ ಜೋವಿನ್ ಹತ್ತಿರ ಹೇಳು. ಇಲ್ಲಿ ದೋಹಾದ ಬಿನ್ ಮಹಮೂದಿನಲ್ಲಿ ಇರುವ ನಮ್ಮ ಲೀನಕ್ಕನ ಮಗ, ಊರಿಗೆ ಬರುವಾಗ ಈ ಕಾಗದ ತಂದವ. ನಿನ್ನ ಎದುರಿನಿಂದಲೇ ನನಗೆ ಫೋನ್ ಮಾಡುತ್ತಾನೆ. ಹೌದು ಅಥವಾ ಇಲ್ಲ, ಒಂದೇ ಮಾತು ಸಾಕು, ಕೊಂಕಣಿಯಲ್ಲಾದರೂ ಪರವಾಗಿಲ್ಲ.

ಇನ್ನೂ ಬರೆಯಲಿಕ್ಕಿತ್ತು, ಆದರೆ ಸಾಹೇಬರು ಅಡುಗೆ ಕೋಣೆಯಿಂದ "ಗಾಬ್ರಿಯೇಲ್, ಬಾಪ್ ಮೊಕ್ಜಾ!" ಅಂತ ಕರೆಯುತ್ತಿದ್ದಾರೆ. ಬಾ, ಅನ್ನ ಉಣ್ಣುವ ಅಂತ. ಇಲ್ಲಿ ಅಡುಗೆ ಮಾಡಿದ ಹದಿನಾರು ವರ್ಷದಲ್ಲಿ ನಾನು ಊಟಕ್ಕೆ ಕರೆದದ್ದೇ ಹೊರತು ನನ್ನನ್ನು ಯಾರೂ ಕರೆದದ್ದಿಲ್ಲ. ಇವತ್ತು ಅವರೇ ಗಂಜಿ ಬೇಯಿಸಿದ್ದಾರೆ. ತಳ ಹಿಡಿದ ವಾಸನೆ ಇಲ್ಲಿವರೆಗೆ ಬರುತ್ತಾ ಉಂಟು. ಆದರೂ ಹೋಗಬೇಕು.

ನಿನ್ನ ತಮ್ಮ,
ಗಾಬ್ರು

ತಾ.ಕ.: ಗಂಜಿ ಉಂಡು ಬಂದೆ, ಕರಟಿ ಹೋಗಿತ್ತು, ಎರಡು ಬಟ್ಟಲು ಉಂಡೆ. ಕಾಗದ ಇನ್ನೂ ಅಂಟಿಸಿಲ್ಲ, ಅದಕ್ಕೆ ಬರೆಯುತ್ತೇನೆ. ಮೇಲೆ ಒಂದು ಸುಳ್ಳು ಉಂಟು. ಸಾಹೇಬರು ಸೈನ್ ಹಾಕಿದ್ದು ಗೆದ್ದ ಮೇಲೆ ಅಲ್ಲ, ಗಂಜಿ ಉಂಡ ದಿನವೇ, ಬೈಬಲಿನಿಂದ ಅರ್ಜಿ ತರಿಸಿ, ಮೇಜಿನ ಮೇಲೆ ಬಿಟ್ಟ ಆ ಪೆನ್ನಿನಲ್ಲಿ. ಸೀಲು ಹದಿನಾರಕ್ಕೇ ಬಿತ್ತು. ಜನವರಿ ಮೂರಕ್ಕೆ ನನ್ನ ವಿಮಾನ. ಆಮೇಲೂ ದಿನಾ ಪ್ರಾರ್ಥನೆಗೆ ಹೋಗಿ ಕೂಗಿದೆ, ನನ್ನ ಗಂಜಿ ಉಂಡವರನ್ನು ನಡುವೆ ಬಿಡಲಿಕ್ಕಾಗುತ್ತದಾ. ನಾನು ಬರುತ್ತೇನೆ ಅಂತ ಮೊದಲೇ ಬರೆದರೆ ನೀನು "ಅವನೇ ಇದ್ದಾನಲ್ಲ" ಅಂತ ಆಚೆಯೇ ಕೂರುತ್ತಿದ್ದೆ. ಈಗ ಒಂದು ಕೈ ನೀನು ಹಿಡಿ, ಇನ್ನೊಂದು ನಾನು. ಒಪ್ಪಿಸುವ ಮಾತು ಮಾತ್ರ ನಿನ್ನದೇ.

ಇನ್ನೊಂದು ಸುಳ್ಳು ಈ ಕಾಗದದ್ದಲ್ಲ, ಹನ್ನೊಂದು ವರ್ಷ ಹಿಂದಿನದ್ದು. ಆ ಕಲ್ಲು ಸರಿಸಿದ್ದು ನಾನೇ. ಕುಡಿದಿದ್ದೆ ಅಂತ ಹೇಳಬಹುದಿತ್ತು. ಕುಡಿದಿರಲಿಲ್ಲ.

ಮರದ ಕಿಂಡಿಯಿಂದ ನಮ್ಮ ಸ್ಟೀಲಿನ ಬಟ್ಟಲು ಡೊರೊತಿಯ ಬಂಗುಡೆ ಸಾರು ತುಂಬಿಕೊಂಡು ಅತ್ತಿಗೆಯ ಕೈಗೆ ಹೋಗಿ, ಬೆಳಗಿಸಿಕೊಂಡು ವಾಪಸ್ ಬರುವುದು ನನಗೆ ಆರು ವರ್ಷದಿಂದ ಗೊತ್ತುಂಟು. ಅತ್ತಿಗೆಗೆ ಬೈಯಬೇಡ, ಸಾರು ನೀನೂ ಉಂಡಿದ್ದೀ. ಈ ಸಲದ ಬಟ್ಟಲು ಗೇಟಿನಿಂದ ಬರಲಿ, ನೀನೇ ತಾ.