ಚಪ್ಪಾಳೆ ಬೇಡ

ನಮ್ಮ ಕಲಿಕಾ ಕೇಂದ್ರದ ಸಭೆಯ ಸದಸ್ಯರಿಗೆ ನಮಸ್ಕಾರಗಳು.

ಗುಬ್ಬಚ್ಚಿಗೆ ಇನ್ನೊಂದು ತಿಂಗಳು ಅವಕಾಶ ಕೊಟ್ಟ ಹಿರಿಯರಿಗೆ ಮೊದಲು ನನ್ನ ಕೃತಜ್ಞತೆಗಳು. ಆಟಿಸಂ ಇರುವ ಈ ಆರು ವರ್ಷದ ಹುಡುಗಿ ಸಹಕರಿಸುವುದಿಲ್ಲ, ಅವಳನ್ನು ಕೈಬಿಡುವುದೇ ಸರಿ ಎಂದು ವರದಿ ಬರೆದವಳು ನಾನೇ. ಆ ವರದಿ ತಪ್ಪು.

ನಾವು ಹೆಸರು ಹೇಳಿದ ವಸ್ತುವಿನ ಸರಿಯಾದ ಚಿತ್ರವನ್ನು ಮಗು ತೋರಿಸಿದೊಡನೆ ಎಲ್ಲರೂ ಚಪ್ಪಾಳೆ ತಟ್ಟುವುದು ನಮ್ಮ ರೂಢಿ. ಗುಬ್ಬಚ್ಚಿ ಮಾತ್ರ ಕಿವಿ ಮುಚ್ಚಿಕೊಂಡು ಮೇಜಿನಡಿ ಸೇರುತ್ತಿದ್ದಳು. ಕೊನೆಗೆ ಅವಳ ಅಜ್ಜಿಯೇ ತಡೆಯಲಾರದೆ, "ನೀವು ಬಹುಮಾನ ಅಂತ ಕೊಡೋದು ಅವಳಿಗೆ ಏಟು ಬಿದ್ದ ಹಾಗಿದೆ, ಮೇಡಂ. ಐದು ಬೆರಳೂ ಒಂದೇ ಸಮ ಇರ್ತಾವಾ?" ಎಂದರು.

ಅಂದಿನಿಂದ ಚಪ್ಪಾಳೆಯ ಬದಲು ಅವಳ ಮೆಚ್ಚಿನ ಬುಗುರಿ ತಿರುಗಿಸತೊಡಗಿದೆವು. ನಿನ್ನೆ ಅವಳು ತಾನಾಗಿ ಲೋಟದ ಚಿತ್ರವನ್ನು ಅಜ್ಜಿಯ ಕೈಗಿಟ್ಟು, "ಅಜ್ಜಿ, ನೀರು" ಎಂದಳು. ಅಜ್ಜಿ ಆತುರದಲ್ಲಿ ಇಡೀ ಬಿಂದಿಗೆಯನ್ನೇ ಎತ್ತಿ ತಂದರು!

ಪಕ್ಕದ ಮೇಜಿನಲ್ಲಿ ಕಲಿಯುವ ಹುಡುಗ, ನಮ್ಮ ಗುಡುಗಪ್ಪನಿಗಾದರೋ ಚಪ್ಪಾಳೆ ಇನ್ನಷ್ಟು ಜೋರಾಗಿಯೇ ಬೇಕು.

ನಾಳೆ ಗುಬ್ಬಚ್ಚಿ ಸಭೆಗೆ ಬರುತ್ತಾಳೆ. ಎಷ್ಟೇ ಸಂತೋಷವಾದರೂ ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬೇಡಿ. ಉಳಿದ ಹನ್ನೊಂದು ಮಕ್ಕಳ ವರದಿಗಳನ್ನೂ ಮೇಜಿನ ಮೇಲಿಡಿ. ಒಬ್ಬೊಬ್ಬರ ಎದುರೂ ಕುಳಿತು, ನೋಡಿ, ಹೊಸದಾಗಿ ಬರೆಯೋಣ. ಬನ್ನಿ, ನಾಳೆಯೇ ಆರಂಭಿಸೋಣ.

ತಪ್ಪು ತಿದ್ದಿಕೊಂಡ ಸಂತೋಷದಲ್ಲಿ,
ತಮ್ಮ ಹಿರಿಯ ಶಿಕ್ಷಕಿ